ಕೊಯ್ಲು ಮುಗಿಯುವವರೆಗೆ

ಪೊಟ್ಟಣದ ಮೇಲೆ ‘ಮೊಳಕೆ ಬ್ರೊಕೋಲಿ’ ಎಂದು ಅಚ್ಚು ಹಾಕಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಮೊಳಕೆಗೂ ಚಿಗುರಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅವನ ದೆಸೆಯಿಂದ ಮಾವ ಬೀಜವನ್ನೆಲ್ಲ ಹೆಸರುಕಾಳಿನ ಹಾಗೆ ನೆನೆಹಾಕಿ, ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ಬೋರಲು ಹಾಕಿ ಮುಚ್ಚಿಟ್ಟರು. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಬೋರ್ಡಿನಲ್ಲಿ ಏನು ಬರೆದಿದೆಯೋ ಬಸ್ಸು ಅಲ್ಲಿಗೇ ಹೋಗಬೇಕು ಎಂಬುದು ಅವರ ನಂಬಿಕೆ. ಮೊಳಕೆ ಎಂದು ಬರೆದ ಮೇಲೆ ಅದು ಮೊಳಕೆಯೇ.

ಬಟ್ಟೆ ಬಿಚ್ಚಿದಾಗ ಬೀಜಗಳೆಲ್ಲ ಬಾಲ ಬಿಟ್ಟುಕೊಂಡಿದ್ದವು. ಮಾವ ಖುಷಿಯಾಗಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು.

“ಇದು ಸಾಸಿವೆಯ ದಾಯಾದಿ ಕಣಮ್ಮ,” ಎಂದು ಸೊಸೆಗೆ ಹೇಳಿದರು.

ಬಿಸಾಡಲು ಮನಸ್ಸು ಬಾರದೆ ಮಿಕ್ಕದ್ದನ್ನು ಹಿತ್ತಿಲಿಗೆ ಒಯ್ದು ಮಣ್ಣಿಗೆ ಹಾಕಿದರು. ಹಠಕ್ಕೆ ಬಿದ್ದವರ ಹಾಗೆ ಎಲ್ಲವೂ ಎದ್ದು ನಿಂತವು. ಆಮೇಲೆ ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂಬದಿ ಓದಿದರು. ಈ ಗಿಡ ಚಳಿಗಾಲವಿಡೀ ಮಣ್ಣಿನಲ್ಲಿ ನಿಲ್ಲಬೇಕು, ಚಳಿ ತಿಂದ ಮೇಲೆಯೇ ಮೊಗ್ಗು ಕಟ್ಟುವುದು, ಕೊಯ್ಲಿಗೆ ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ ಎಂದಿತ್ತು. ಅದರ ಕೆಳಗಿನ ಸಾಲುಗಳು ಬೀಜ ನೆನೆಸಿದ ನೀರು ಚೆಲ್ಲಿ ಅಳಿಸಿಹೋಗಿದ್ದವು.

ಇದೆಲ್ಲ ನಡೆದದ್ದು ಅವರ ಮಗ, ಅಂದರೆ ಸೊಸೆಯ ಗಂಡ, ಮನೆ ಬಿಟ್ಟುಹೋದ ಆಸುಪಾಸಿನಲ್ಲಿ. ಮಗ ಲಿಫ್ಟ್ ರಿಪೇರಿ ಮಾಡುವವನು. ಬೇರೆ ಊರಿನ ದೊಡ್ಡ ಕಟ್ಟಡವೊಂದಕ್ಕೆ ಹೋಗಿ ಬಂದು ಮಾಡುತ್ತಿದ್ದವನು, ಬರುವುದು ಕಮ್ಮಿಯಾಗಿ, ಕೊನೆಗೆ ಅಲ್ಲೇ ಒಬ್ಬಳ ಜೊತೆ ಸಂಸಾರ ಹೂಡಿಬಿಟ್ಟ. ಒಂದು ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ, ಅಪ್ಪನ ಎದುರಿಗೇ, ಎಲ್ಲ ಹೇಳಿದ. ಸೊಸೆ ಪೂರ್ತಿ ಕೇಳಿಸಿಕೊಂಡಳು. “ಸರಿ,” ಎಂದಳು. ತಟ್ಟೆಗಳನ್ನು ಎತ್ತಿ ಸಿಂಕಿನಲ್ಲಿಟ್ಟು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದಳು.

ಅವಳಿಗೆ ಕೆಲಸ ಹಲ್ಲಿನ ಆಸ್ಪತ್ರೆಯಲ್ಲಿ. ಡಾಕ್ಟರಮ್ಮನ ಪಕ್ಕದಲ್ಲಿ ನಿಂತು ಇಕ್ಕಳ, ಹತ್ತಿ, ಕನ್ನಡಿ ಎತ್ತಿಕೊಡುವುದು, ಎಂಜಲು ಹೀರುವ ಕೊಳವೆಯನ್ನು ರೋಗಿಯ ಬಾಯಲ್ಲಿ ಹಿಡಿದು ನಿಲ್ಲುವುದು. ಕುರ್ಚಿ ಹಿಂದಕ್ಕೆ ಬಾಗುವ ಮೊದಲು ಪ್ರತಿಯೊಬ್ಬರಿಗೂ ಅವಳು ಒಂದು ಮಾತು ಹೇಳಬೇಕು: “ಬಾಯಿ ತೆಗೆದಿರುವಾಗ ಮಾತಾಡಕ್ಕಾಗಲ್ಲ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತಾರೆ.” ಎಡಗೈಯೇ ಏಕೆಂದರೆ ಬಲಗಡೆ ಡಾಕ್ಟರಮ್ಮ ಸೂಜಿ ಹಿಡಿದು ಕೂತಿರುತ್ತಾರೆ. ಇಂಜೆಕ್ಷನ್ ಆದ ಮೇಲೆ ಇನ್ನೊಂದು ಮಾತು: “ಜೋಮು ಬಿಡೋವರೆಗೆ ಏನೂ ತಿನ್ನಬೇಡಿ. ತುಟಿ ಕಚ್ಚಿಕೊಂಡ್ರೂ ಗೊತ್ತಾಗಲ್ಲ.”

ಆ ದಿನವೂ ಈ ಎರಡು ಮಾತುಗಳನ್ನು ತಪ್ಪದೆ ಹೇಳಿದಳು. ಅಳು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದಳು. ಬಸ್ಸಿನಲ್ಲಿ ಬರಬಹುದು, ಸ್ನಾನ ಮಾಡುವಾಗ ಬರಬಹುದು ಎಂದುಕೊಂಡಳು. ಎಲ್ಲೂ ಬರಲಿಲ್ಲ. ಗಂಡನ ಶರ್ಟುಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುವಾಗಲೂ ಯಾರದ್ದೋ ಮನೆಯ ಬಟ್ಟೆ ಮಡಿಸಿದ ಹಾಗಿತ್ತು. ವಿಷಯ ತಿಳಿದ ಮೇಲೆ ಡಾಕ್ಟರಮ್ಮ ಅವಳ ಮುಖವನ್ನೇ ನೋಡಿ, “ನಿನಗೆ ಯಾರೇ ಇಂಜೆಕ್ಷನ್ ಕೊಟ್ಟಿದ್ದು? ಇಳಿಯೋ ಹಾಗೇ ಕಾಣಲ್ವಲ್ಲ,” ಎಂದರು. ಸೊಸೆ ನಕ್ಕಳು. ನಗುವುದಕ್ಕೇನೂ ತೊಂದರೆ ಇರಲಿಲ್ಲ.

ಮನೆ ಅವಳ ತವರಿನಿಂದ ಬಂದದ್ದು. ಹಾಗಾಗಿ ಮಗ ಹೋದ ಮೇಲೆ ಮಾವನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಮಗನೇ ಇಲ್ಲದ ಮನೆಯಲ್ಲಿ ಮಾವನಿಗೇನು ಕೆಲಸ? ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮಗ ಫೋನು ಮಾಡಿ, ಬಂದುಬಿಡಿ, ಇಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಕರೆಯುತ್ತಿದ್ದ. ಮಾವ ಕೋಣೆಯಿಂದ ಹಿತ್ತಿಲಿಗೂ ಹಿತ್ತಿಲಿಂದ ಕೋಣೆಗೂ ಓಡಾಡಿ, ಕೊನೆಗೊಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ಸಸಿ ನೆಟ್ಟುಬಿಟ್ಟಿದ್ದೀನಲ್ಲಮ್ಮ. ನಡುವೆ ಬಿಟ್ಟು ಹೋದ್ರೆ ಚೆನ್ನಾಗಿರಲ್ಲ. ಇದೊಂದು ಕೊಯ್ಲು ಮುಗೀಲಿ. ಆಮೇಲೆ ಅವನ ಹತ್ರ ಹೋಗ್ತೀನಿ.”

“ಸರಿ, ಮಾವ.”

ಆ ವರ್ಷ ಅವಳ ಬಾಯಿಂದ ಹೆಚ್ಚಾಗಿ ಬಂದದ್ದು ಈ ‘ಸರಿ’ಯೇ. ಸರಿ ಎಂದರೆ ಇರಿ ಎಂದೋ ಹೋಗಿ ಎಂದೋ ಮಾವನಿಗೆ ತಿಳಿಯಲಿಲ್ಲ. ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಂತೂ ಬ್ರೊಕೋಲಿ ಅವರಿಗೆ ಆ ಮನೆಯಲ್ಲಿ ಇರಲು ಒಂದು ನೆಪ ಒದಗಿಸಿತು. ಪ್ರಪಂಚದಲ್ಲಿ ಇದಕ್ಕಿಂತ ನಿಧಾನದ ತರಕಾರಿ ಸಿಕ್ಕುತ್ತಿರಲಿಲ್ಲವಾದ್ದರಿಂದ ನೆಪವೂ ಗಟ್ಟಿಯಾಗಿಯೇ ಇತ್ತು.

ಮಾವ ಆ ಗಿಡಗಳನ್ನು ಸಾಕಿದ ಚಂದ ನೋಡಬೇಕಿತ್ತು. ಬೇರು ಅಲ್ಲಾಡಬಾರದೆಂದು ಬುಡದ ಮಣ್ಣನ್ನು ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡುತ್ತಿದ್ದರು, ಥೇಟ್ ಬ್ರೇಕು ತುಳಿದ ಹಾಗೆ. ಬಿಳಿ ಚಿಟ್ಟೆ ಬಂದು ಮೊಟ್ಟೆಯಿಟ್ಟರೆ ಎಲೆ ಮಗುಚಿ ಬೆರಳಿನಿಂದ ಒರೆಸುತ್ತಿದ್ದರು. ಕಣ್ತಪ್ಪಿ ಮರಿಯಾದ ಹಸಿರು ಹುಳುಗಳನ್ನು ಹಳೆ ಡಬ್ಬಿಗೆ ಹಾಕುತ್ತ, “ಟಿಕೆಟ್ ಇಲ್ಲದೆ ಹತ್ತಿದ್ದೀಯ, ಇಳಿ,” ಎಂದು ಗದರುತ್ತಿದ್ದರು. ಪಾರಿವಾಳಗಳು ಎಲೆ ಕುಕ್ಕಲು ಶುರುಮಾಡಿದಾಗ ಮುಂದಿನ ಕೋಣೆಯ ಹಳೆಯ ಪರದೆ ಹಿತ್ತಿಲಿಗೆ ವರ್ಗವಾಯಿತು. ಗಾಳಿಗೆ ಗಿಡ ವಾಲಿದಾಗ ಮುರಿದ ಕೊಡೆಗಳ ಕೋಲುಗಳೆಲ್ಲ ಆಸರೆಗೆ ಬಂದವು.

ಚಳಿ ಜೋರಾಗಿ, ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಎಲ್ಲವೂ ಸತ್ತುಬಿದ್ದಾಗ ಇವು ಮಾತ್ರ ಸೊಂಟದೆತ್ತರಕ್ಕೆ ಬೂದುಹಸಿರು ಎಲೆ ಹೊತ್ತು ನಿಂತಿದ್ದವು. ತಿನ್ನುವಂಥದ್ದು ಏನೂ ಇರಲಿಲ್ಲ. ಸೊಸೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂಬಾಗಿಲಲ್ಲಿ ನಿಂತು ನೋಡುವಳು. ಗಿಡಕ್ಕೂ ತನಗೂ ಹೆಚ್ಚು ವ್ಯತ್ಯಾಸವಿಲ್ಲ ಎನ್ನಿಸುತ್ತಿತ್ತು. ನಿಂತಿದ್ದೇನೆ, ಸತ್ತಿಲ್ಲ, ಅಷ್ಟೇ.

ಆ ಚಳಿಯಲ್ಲೇ ಮಾವನ ದವಡೆಹಲ್ಲು ಕೈಕೊಟ್ಟಿತು. ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ ಎಲ್ಲರಿಗೂ ಹೇಳುವಂತೆ ಹೇಳಿದಳು: “ನೋವಾದ್ರೆ ಎಡಗೈ ಎತ್ತಿ, ಮಾವ.” ಡಾಕ್ಟರಮ್ಮ ಸೂಜಿಗೆ ಕೈ ಹಾಕುವಷ್ಟರಲ್ಲೇ ಮಾವನ ಎಡಗೈ ಮೇಲೆದ್ದಿತು.

“ಅಯ್ಯೋ, ನಾನಿನ್ನೂ ಮುಟ್ಟೇ ಇಲ್ಲ!”

“ಸ್ಟಾಪು ಬರೋಕೆ ಮುಂಚೆನೇ ಕೈ ತೋರಿಸಬೇಕು ಡಾಕ್ಟ್ರೇ. ಮುಂದೆ ಹೋದ ಮೇಲೆ ಕೂಗಿದ್ರೆ ಏನು ಪ್ರಯೋಜನ?” ಎಂದರು ಮಾವ. ಸರ್ವಿಸಿನಲ್ಲಿ ಇದ್ದಷ್ಟು ಕಾಲ ಕೈ ಎತ್ತಿದ ಒಬ್ಬರನ್ನೂ ರಸ್ತೆಯಲ್ಲಿ ಬಿಟ್ಟು ಹೋದವರಲ್ಲ ಅವರು. ಅದೊಂದೇ ಅವರ ಜಂಬ. ಬಾಯಿಗೆ ಹತ್ತಿ ತುರುಕುವವರೆಗೂ ಆ ಕಥೆಯೇ ಆಯಿತು.

ಹಲ್ಲು ಕಿತ್ತು ಮನೆಗೆ ಬಂದ ಮೇಲೆ ಅರ್ಧ ಮುಖಕ್ಕೆ ಜೋಮು ಹಿಡಿಸಿಕೊಂಡು ಕೂತ ಮಾವ ಕೆನ್ನೆ ತಟ್ಟಿ ತಟ್ಟಿ ನೋಡಿಕೊಳ್ಳುತ್ತಿದ್ದರು. “ಇಲ್ಲಿ ನಾನೇ ಇಲ್ಲವಲ್ಲಮ್ಮ,” ಎಂದರು. ಸೊಸೆ ಆ ಮಾತನ್ನು ಎಷ್ಟೋ ದಿನ ಮರೆಯಲಿಲ್ಲ.

ಚಳಿ ಹಿಂದೆ ಸರಿಯುವ ಹೊತ್ತಿಗೆ ಗಿಡಗಳ ನಡುವೆ, ಎಲೆಗಳ ಮರೆಯಲ್ಲಿ, ನೇರಳೆ ಬಣ್ಣದ ತಲೆಗಳು ಕಾಣಿಸಿಕೊಂಡವು. ಮುಷ್ಟಿಯಷ್ಟು ದಪ್ಪ, ಒತ್ತೊತ್ತಾದ ಮೊಗ್ಗು. ಮಾವ ದಿನಾ ನೋಡಿ, “ಇನ್ನೂ ಸ್ವಲ್ಪ ದಪ್ಪ ಆಗಲಿ,” ಎಂದು ಬರುತ್ತಿದ್ದರು. ಮಾರನೆಯ ದಿನವೂ ಅದೇ ಮಾತು. ವಾರ ಕಳೆಯಿತು, ತಲೆ ದಪ್ಪವಾಗುವುದು ಬಿಟ್ಟು ಸಡಿಲವಾಗತೊಡಗಿತು. ಒಂದು ಬೆಳಿಗ್ಗೆ ಸೊಸೆ ನೋಡುತ್ತಾಳೆ, ಒಂದು ಮೊಗ್ಗಿನ ತುದಿಯಲ್ಲಿ ಹಳದಿ ಎಸಳು ಇಣುಕಿದೆ.

ಹೂ ಬಿಟ್ಟರೆ ಕೆಟ್ಟಿತು ಎಂದಷ್ಟೇ ಅವಳಿಗೆ ಗೊತ್ತು. ಮಾವನಿಗೆ ಕಣ್ಣು ಕಾಣುತ್ತಿಲ್ಲವೇನೋ ಎಂದುಕೊಂಡಳು. ಅಡುಗೆಮನೆಯ ಚಾಕು ತಂದು, ಹೊಲಿಗೆ ಬಿಚ್ಚುವಷ್ಟೇ ನಿರ್ವಿಕಾರವಾಗಿ, ಒಂದಾದ ಮೇಲೊಂದರಂತೆ ಎಲ್ಲ ತಲೆಗಳನ್ನೂ ಕೊಯ್ದಳು. ಬುಟ್ಟಿಯನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದಳು.

ಸಂಜೆ ಬಂದಾಗ ಬುಟ್ಟಿ ಇಟ್ಟಲ್ಲೇ ಇತ್ತು. ಮಾವ ಅದರ ಎದುರು ಕೂತಿದ್ದರು.

“ಕೊಯ್ದುಬಿಟ್ಟೆಯಾ?”

“ಹೂಂ. ಹೂ ಬರ್ತಿತ್ತು.”

ಮಾವ ಒಂದು ತಲೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ಮತ್ತೆ ಬುಟ್ಟಿಗೆ ಇಟ್ಟರು. “ಸರಿ,” ಎಂದರು. ಆ ಮನೆಯಲ್ಲಿ ಮಾವ ‘ಸರಿ’ ಎಂದದ್ದು ಅದೇ ಮೊದಲು.

ಅವಳು ಬೇಯಿಸಿದಳು. ಕುದಿಯುವ ನೀರಿಗೆ ಬಿದ್ದದ್ದೇ ನೇರಳೆ ಬಣ್ಣವೆಲ್ಲ ನೀರಿಗಿಳಿದು ಬ್ರೊಕೋಲಿ ಸಾಧಾರಣ ಹಸಿರಾಯಿತು. ಉಪ್ಪು, ಬೆಣ್ಣೆ ಹಾಕಿ ಬಡಿಸಿದಳು. ವರ್ಷವಿಡೀ ಕಾದದ್ದಕ್ಕೆ ಇಷ್ಟೇನಾ ಎಂದು ಮಾವ ತಮಾಷೆ ಮಾಡಬಹುದು ಎಂದುಕೊಂಡಿದ್ದಳು. ಮಾವ ತಲೆ ಎತ್ತದೆ ತಿಂದು, ತಟ್ಟೆ ತೊಳೆದಿಟ್ಟು, ಕೋಣೆಗೆ ಹೋಗಿ ಫೋನು ಹಚ್ಚಿದರು. ಬಾಗಿಲು ತೆರೆದೇ ಇತ್ತು.

“ಕೊಯ್ಲು ಆಯ್ತು ಕಣೋ. ಭಾನುವಾರ ಬಾ, ಬರ್ತೀನಿ.”

ಆಗಲೂ ಅವಳಿಗೆ ಹೊಳೆಯಲಿಲ್ಲ. ಹೋಗಬೇಕೆಂಬ ಮನಸ್ಸಿದೆ, ಹೋಗುತ್ತಾರೆ ಎಂದುಕೊಂಡಳು. ಹೊಳೆದದ್ದು ಮಾರನೆಯ ದಿನ, ಆಸ್ಪತ್ರೆಯಲ್ಲಿ, ಯಾರದ್ದೋ ಬಾಯಿಗೆ ಕೊಳವೆ ಹಿಡಿದು ನಿಂತಾಗ. ಮಾವನ ಕಣ್ಣು ಚೆನ್ನಾಗಿಯೇ ಇದೆ. ಚಿಟ್ಟೆಯ ಮೊಟ್ಟೆ ಕಾಣುವ ಕಣ್ಣಿಗೆ ಮುಷ್ಟಿಗಾತ್ರದ ತಲೆ ಕಾಣುವುದಿಲ್ಲವೇ? ಅವರು ಬೇಕೆಂತಲೇ ಕೊಯ್ಯದೆ ಬಿಟ್ಟಿದ್ದರು. ಕೊಯ್ದವಳು ಅವಳು. ಹೊರಡಿ ಎಂದು ಬಾಯಿಬಿಟ್ಟು ಹೇಳಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಕೊಳವೆ ಜಾರಿ ರೋಗಿಯ ಗಲ್ಲದ ಮೇಲೆ ನೀರು ಇಳಿಯಿತು. ಡಾಕ್ಟರಮ್ಮ ಮುಖ ಎತ್ತಿ ನೋಡಿದರು.

ಮಾವ ಹೋಗಬಾರದು. ಅವಳಿಗೆ ಬೇಕಿದ್ದದ್ದು ಅದೊಂದೇ, ಅಷ್ಟು ಅವಳಿಗೆ ಅಂದು ಗೊತ್ತಾಯಿತು. ಆದರೆ ಅದು ಗೊತ್ತಾದದ್ದು ಲೆಕ್ಕದ ಉತ್ತರ ಗೊತ್ತಾದ ಹಾಗೆ. ಎದೆಯಲ್ಲಿ ಏನೂ ಅಲುಗಲಿಲ್ಲ. ಮಾತು ಮಾವನ ಎದುರು ನಿಂತಾಗ ತಾನಾಗಿ ಬರುತ್ತದೆ ಎಂದು ನಂಬಿ ಮನೆಗೆ ಹೋದಳು. ಮಾವ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದರು. “ಸ್ವೆಟರ್ ಮೇಲೇ ಇಡಿ, ಅಲ್ಲಿ ಚಳಿ ಇರಬಹುದು,” ಎಂದು ಹೇಳಿ ಬಂದಳು. ತನ್ನ ನಾಲಗೆಯನ್ನು ತಾನೇ ಕಿತ್ತು ಬಿಸಾಡಬೇಕು ಎನ್ನಿಸಿತು ಅವಳಿಗೆ.

ಭಾನುವಾರ ಮಗ ಕಾರು ತಂದ. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಒಂದನ್ನು ಬಿಟ್ಟು ಇನ್ನೊಂದರಲ್ಲಿ ನಿಂತ. ಸ್ವಲ್ಪ ದಪ್ಪವಾಗಿದ್ದ. ಅವನನ್ನು ಈಗ ಏನೆಂದು ಕರೆಯುವುದು? ‘ರೀ’ ಎನ್ನುವುದು ಬಾಯಿಗೆ ಬರಲಿಲ್ಲ. ಹೆಸರು ಹಿಡಿದು ಅಭ್ಯಾಸವಿಲ್ಲ. ಕರೆಯದೆಯೇ ಲೋಟ ಮುಂದೆ ಚಾಚಿದಳು.

“ನೀರು.”

“ಚೆನ್ನಾಗಿದ್ದೀಯಾ?”

“ಹೂಂ.”

ಅವನ ಕೊರಳ ಪಟ್ಟಿಯ ಬಳಿ ಗುಂಡಿಯೊಂದನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಹೊಲಿದವಳಿಗೆ ಅವಸರವಿತ್ತೇನೋ ಎಂದುಕೊಂಡಳು. ಸಿಟ್ಟು ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮಾವ ಹಿತ್ತಿಲಿನಲ್ಲಿದ್ದರು. ಅವಳು ಕರೆಯಲು ಹೋದಾಗ ಬಗ್ಗಿ ಗಿಡವನ್ನು ನೋಡುತ್ತಿದ್ದರು.

“ಇಲ್ಲಿ ಬಾಮ್ಮ, ನೋಡು.”

ತಲೆ ಕತ್ತರಿಸಿದ ಗಿಡದ ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಪುಟ್ಟ ನೇರಳೆ ಕುಡಿ ಹೊರಟಿತ್ತು. ಒಂದೆರಡು ಗಿಡದಲ್ಲಿ ಆಗಲೇ ಕಿರುಬೆರಳಷ್ಟು ಉದ್ದವಾಗಿ, ತುದಿಯಲ್ಲಿ ಮೊಗ್ಗಿನ ಗುಚ್ಛ ಹೊತ್ತಿದ್ದವು.

“ಅವನು ಮೊಳಕೆ ಅಂದಿದ್ದು ಇದಕ್ಕೆ ನೋಡು. ನಾವು ಹೆಸರುಕಾಳು ಮಾಡಿಬಿಟ್ವಿ,” ಎಂದು ಮಾವ ನಕ್ಕರು. “ನಡುವಿನ ತಲೆ ಇರೋವರೆಗೆ ಇವು ಏಳೋದೇ ಇಲ್ಲ ಅನ್ನಿಸುತ್ತೆ. ನೀನು ಕೊಯ್ದಿದ್ದು ಒಳ್ಳೇದೇ ಆಯ್ತು. ಇನ್ನು ಇವನ್ನ ಬಿಟ್ಟೂಬಿಡದೆ ಕೊಯ್ತಾ ಇರಬೇಕು. ಬಿಟ್ರೆ ಹೂವಾಗಿ ಗಿಡ ಮುಗಿದುಹೋಗುತ್ತೆ.” ಆಮೇಲೆ ಅವಳ ಕಡೆ ನೋಡದೆ ಹೇಳಿದರು: “ಅಂದ್ರೆ ಕೊಯ್ಲು ಇನ್ನೂ ಮುಗಿದ ಹಾಗಲ್ಲ.”

ಮಾತನ್ನು ಅವಳ ಮುಂದಿಟ್ಟು ಕಾಯುತ್ತಿದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಎರಡಕ್ಷರ ಸಾಕಿತ್ತು. ಇರಿ. ಅವಳು ಬಾಯಿ ತೆರೆದಳು.

“ನಾನು ಕೊಯ್ಕೋತೀನಿ ಬಿಡಿ, ಮಾವ. ನೀವು ಯೋಚನೆ ಮಾಡಬೇಡಿ.”

ಮಾವ ತಲೆಯಾಡಿಸಿದರು. ಒಂದು ಗಿಡದ ಬುಡವನ್ನು ಹಿಮ್ಮಡಿಯಿಂದ ಒತ್ತಿ, ಕೈ ಕೊಡವಿಕೊಂಡು ಒಳಗೆ ಹೋದರು.

ಪೆಟ್ಟಿಗೆ ಕಾರಿನ ಡಿಕ್ಕಿ ಸೇರಿತು. ಮಾವ ಮುಂದಿನ ಸೀಟಿನಲ್ಲಿ, ಮಗನ ಪಕ್ಕ ಕೂತರು. “ಅನ್ನ ಮಾಡ್ಕೊಂಡು ತಿನ್ನು, ಬರೀ ಬ್ರೆಡ್ಡಲ್ಲಿ ಕಾಲ ಹಾಕಬೇಡ,” ಎಂದರು. ಸೊಸೆ ಹೂಂ ಎಂದಳು. ಕಾರು ಸ್ಟಾರ್ಟಾಯಿತು. ಅವಳು ಗೇಟಿನ ಬಳಿ ನಿಂತಿದ್ದಳು. ಕಾರು ಒಂದು ಮನೆ ದಾಟಿತು, ಎರಡು ಮನೆ ದಾಟಿತು. ಪಕ್ಕದ ಕನ್ನಡಿಯಲ್ಲಿ ಮಾವನ ಮುಖದ ಒಂದು ಚೂರು ಕಾಣುತ್ತಿತ್ತು. ಅಷ್ಟು ವರ್ಷ ಬಸ್ಸು ಓಡಿಸಿದವರು, ಕೂತ ಕಡೆ ಕನ್ನಡಿ ನೋಡುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

ಕೂಗಬೇಕೆಂದುಕೊಂಡಳು. ಬಾಯಿ ತೆರೆಯಿತು, ಒಳಗಿಂದ ಏನೂ ಬರಲಿಲ್ಲ. ಬಾಯಿ ಹಾಗೆಯೇ ತೆರೆದುಕೊಂಡಿತ್ತು. ಆಗ ಅವಳ ಎಡಗೈ ತಾನಾಗಿ ಮೇಲೆದ್ದಿತು.

ಕಾರಿನ ಆಚೆ ಬದಿಯ ಕಿಟಕಿಯಿಂದ ಗಂಡನ ಕೈ ಹೊರಬಂದು ಅವಳಿಗೆ ಟಾಟಾ ಮಾಡಿತು. ಕಾರು ಇನ್ನೂ ಒಂದು ಮನೆ ದಾಟಿತು. ಆಮೇಲೆ ಹಿಂದಿನ ಕೆಂಪು ದೀಪಗಳು ಹೊತ್ತಿ, ಕಾರು ಗಕ್ಕನೆ ನಿಂತಿತು. ಬೀದಿ ಚಿಕ್ಕದು, ತೆರೆದ ಕಿಟಕಿಯಿಂದ ಅವರ ಮಾತೆಲ್ಲ ಅವಳಿಗೆ ಕೇಳುತ್ತಿತ್ತು.

“ಯಾಕಪ್ಪಾ? ಟಾಟಾ ಮಾಡ್ತಿದ್ದಾಳೆ ಅಷ್ಟೇ.”

“ಟಾಟಾ ಮಾಡೋರು ಕೈ ಆಡಿಸ್ತಾರೆ ಕಣೋ. ಅವಳ ಕೈ ಅಲ್ಲಾಡ್ತಾ ಇದೆಯಾ ನೋಡು.”

ಬಾಗಿಲು ತೆರೆಯಿತು. ಮಾವ ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು, ಇನ್ನೊಂದು ಕಾಲನ್ನೂ ಇಳಿಸಿ, ಮನೆಗಳ ಮುಂದೆ ನಿಧಾನವಾಗಿ ನಡೆದು ಬಂದರು. ಅವಳು ಕೈ ಇಳಿಸಿರಲಿಲ್ಲ. ಇಳಿಸಿದರೆ ಅವರು ತಿರುಗಿ ಹೋಗಿಬಿಡುತ್ತಾರೆ ಎಂಬ ಹೆದರಿಕೆ. ಹೆದರಿಕೆ ಎಂದು ಅವಳಿಗೆ ಗೊತ್ತಾಯಿತು. ವರ್ಷದಿಂದ ಅವಳಿಗೆ ಏನಾದರೂ ಹೀಗೆ ಗೊತ್ತಾದದ್ದು ಇದೇ ಮೊದಲು. ಬಾಯಲ್ಲಿ ಉಪ್ಪುಪ್ಪಾಗಿ ಏನೋ ತಾಗಿತು. ಕೆಳತುಟಿಯನ್ನು ಯಾವಾಗ ಕಚ್ಚಿಕೊಂಡಿದ್ದಳೋ, ರಕ್ತ ಬಂದಿತ್ತು. ತುಟಿ ಉರಿಯುತ್ತಿತ್ತು.

ಮಾವ ಎದುರು ಬಂದು ನಿಂತು, ಮೇಲೆತ್ತಿದ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

“ಎಲ್ಲಮ್ಮಾ ನೋವು?”

“ಎಲ್ಲಿ ಅಂತ ಗೊತ್ತಾಗ್ತಿಲ್ಲ, ಮಾವ,” ಎಂದಳು ಸೊಸೆ. “ಆದ್ರೆ ನೋಯ್ತಿದೆ.”

ಮಾವ ಅವಳ ಕೈ ಬಿಡದೆಯೇ ಕಾರಿನ ಕಡೆಗೆ ತಿರುಗಿ, ಡಿಕ್ಕಿ ತೆಗಿಯೋ ಎಂದು ಮಗನಿಗೆ ಕೂಗಿ ಹೇಳಿದರು.